ವಾರ್ತಾಸೇವೆಯ ಹೊಣೆ ಯಾರ ಹೆಗಲಿಗೆ?

ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಗಳನ್ನು ಓದುವ ಕ್ರಮ ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇದೆ. ವಿವಾಹದ ಪ್ರಕಟಣೆ, ಧರ್ಮೋಪದೇಶದ ತರಗತಿಯ ಸಮಯ, ಯಾರದೋ ವರ್ಷಾಂತಿಕದ ಪೂಜೆ, ಧರ್ಮಾಧ್ಯಕ್ಷರ ಸುತ್ತೋಲೆಯ ಸಾರಾಂಶ, ಇವೆಲ್ಲ ಐದು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಅವುಗಳನ್ನು ಬರೆದವರು ಯಾರು, ತಿದ್ದಿದವರು ಯಾರು, ಅಂದು ಪೂಜೆಗೆ ಬಾರದವರ ಮನೆಗೆ ಮುಟ್ಟಿಸುವವರು ಯಾರು ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಗಾಯನ ವೃಂದಕ್ಕೆ ಮುಖ್ಯಸ್ಥರಿದ್ದಾರೆ, ಲೆಕ್ಕಪತ್ರಕ್ಕೆ ಹಣಕಾಸು ಸಮಿತಿಯಿದೆ, ಪೀಠದ ಅಲಂಕಾರಕ್ಕೂ ಸರದಿಯ ಪಟ್ಟಿಯಿದೆ. ಸುದ್ದಿಯನ್ನು ಸಿದ್ಧಪಡಿಸಿ ಮುಟ್ಟಿಸುವ ಕೆಲಸ ಮಾತ್ರ ಬಿಡುವಿದ್ದವರ ಕೆಲಸವಾಗಿ ಉಳಿದಿದೆ.

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದಂತಹ ಮಲೆನಾಡಿನ ತಾಲೂಕುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು. ಮನೆಯಿಂದ ಮನೆಗೆ ತೋಟ, ಹಳ್ಳ, ಗುಡ್ಡಗಳ ಅಂತರ. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಒಂದೇ ಧರ್ಮಕೇಂದ್ರದಲ್ಲಿ ಕೊಂಕಣಿ, ಕನ್ನಡ, ಮಲಯಾಳ, ತಮಿಳು, ತುಳು ಮಾತನಾಡುವ ಕುಟುಂಬಗಳು ಇರಬಹುದು. ಇಂತಹ ಕಡೆ ಧರ್ಮಸಭೆಯ ಮಾತು ಎಲ್ಲರಿಗೂ ಸರಿಯಾಗಿ ಮುಟ್ಟಬೇಕಾದರೆ ಯಾರನ್ನು ನೇಮಿಸಬೇಕು, ಹೇಗೆ ಅಣಿಗೊಳಿಸಬೇಕು? ಇತಿಹಾಸದ ಬೆಳಕಿನಲ್ಲಿ ಈ ಪ್ರಶ್ನೆಯನ್ನು ತಮ್ಮೊಡನೆ ಆಲೋಚಿಸುವುದು ಈ ಲೇಖನದ ಉದ್ದೇಶ.

ಆದಿ ಧರ್ಮಸಭೆಯ ಏರ್ಪಾಡು

ಧರ್ಮಸಭೆಯಲ್ಲಿ ಕೆಲಸದ ಮರುಹಂಚಿಕೆ ಹೊಸ ವಿಷಯವಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ದೂರಿದರು. ದೂರಿನಲ್ಲಿ ಭಾಷೆಯ ಅಂತರವೂ ಅಡಗಿತ್ತು ಎಂಬುದನ್ನು ಗಮನಿಸಬೇಕು. ಪ್ರೇಷಿತರು ಆ ದೂರನ್ನು ತಳ್ಳಿಹಾಕಲಿಲ್ಲ, ಎಲ್ಲವನ್ನೂ ತಾವೇ ಮಾಡುತ್ತೇವೆಂದು ಹಟ ಹಿಡಿಯಲೂ ಇಲ್ಲ. ಸಮುದಾಯವನ್ನು ಕರೆದರು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸುವಂತೆ ಹೇಳಿದರು, ಆರಿಸಲ್ಪಟ್ಟವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೊಣೆಯನ್ನು ಒಪ್ಪಿಸಿದರು. ಅಗತ್ಯ, ಆಯ್ಕೆ, ಅಧಿಕೃತ ನೇಮಕ ಎಂಬ ಮೂರು ಹಂತಗಳು ಅಲ್ಲಿ ಸ್ಪಷ್ಟವಾಗಿವೆ.

ಸಂತ ಪೌಲರ ಪತ್ರಗಳನ್ನೂ ಹೀಗೆಯೇ ಓದಬಹುದು. ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ತೆರ್ತಿಯ ಎಂಬವನು ಆ ಪತ್ರವನ್ನು ಬರೆದುಕೊಂಡವನು ತಾನೇ ಎಂದು ತಿಳಿಸಿ ವಂದನೆ ಹೇಳುತ್ತಾನೆ. ಅದೇ ಅಧ್ಯಾಯದ ಆರಂಭದಲ್ಲಿ ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಪೌಲರು ರೋಮಿನವರಿಗೆ ಪರಿಚಯಿಸುತ್ತಾರೆ. ಪತ್ರವನ್ನು ರೋಮಿಗೆ ಒಯ್ದವಳು ಆಕೆಯೇ ಇರಬೇಕು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹೇಳಿದವರು ಪೌಲರು, ಬರೆದವನು ತೆರ್ತಿಯ, ಒಯ್ದವಳು ಫೊಯಿಬೆ. ಒಂದು ಪತ್ರದ ಹಿಂದೆ ಮೂವರ ದುಡಿಮೆಯಿದೆ, ಮೂವರ ಹೆಸರೂ ಪವಿತ್ರ ಗ್ರಂಥದಲ್ಲಿ ಉಳಿದಿದೆ. ಮೂವರಲ್ಲಿ ಒಬ್ಬಳು ಮಹಿಳೆ ಎಂಬುದನ್ನು ನಾವು ಮರೆಯಬಾರದು.

ಮಂಗಳೂರಿನ ಕಲ್ಲಚ್ಚು

ಈಗ ನಮ್ಮ ನಾಡಿಗೆ ಬರೋಣ. ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದ ನೆನಪು ಅದು. ಅದನ್ನು ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಮಂಗಳೂರಿಗೆ ಬಂದುದು 1836ರಲ್ಲಿ. ಏಳೇ ವರ್ಷಗಳಲ್ಲಿ ಅವರು ಕನ್ನಡದಲ್ಲಿ ಪತ್ರಿಕೆ ನಡೆಸುವಷ್ಟು ಭಾಷೆಯನ್ನು ಕೈವಶ ಮಾಡಿಕೊಂಡಿದ್ದರು. ಅವರು ಪ್ರೊಟೆಸ್ಟೆಂಟ್ ಮಿಷನರಿ. ಆದರೆ ಕನ್ನಡದಲ್ಲಿ ಬರೆಯುವ, ಓದುವ ಎಲ್ಲ ಕ್ರೈಸ್ತರೂ, ಎಲ್ಲ ಕನ್ನಡಿಗರೂ ಅವರಿಗೆ ಋಣಿಗಳು.

ಆ ಪತ್ರಿಕೆ ಅಚ್ಚಾದುದು ಕಲ್ಲಚ್ಚಿನಲ್ಲಿ. ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ 1841ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿತ್ತು. ಕಲ್ಲಚ್ಚೆಂದರೆ ಬಿಡಿ ಮೊಳೆಗಳನ್ನು ಜೋಡಿಸುವ ಕೆಲಸವಲ್ಲ. ಇಡೀ ಪುಟವನ್ನು ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದು ಕಲ್ಲಿನ ಮೇಲೆ ಮೂಡಿಸಿ, ಒಂದೊಂದೇ ಪ್ರತಿಯನ್ನು ಒತ್ತಿ ತೆಗೆಯಬೇಕು. ನಾಲ್ಕು ಪುಟಗಳ ಆ ಪಾಕ್ಷಿಕದಲ್ಲಿ ಊರ ವರ್ತಮಾನ, ಸರಕಾರದ ಆಜ್ಞೆಗಳು, ಇತರ ರಾಜ್ಯಗಳ ಸುದ್ದಿ, ನೀತಿಯ ಮಾತುಗಳು, ಕಥೆಗಳು ಇರುತ್ತಿದ್ದವು. ಧರ್ಮಬೋಧನೆಗೆ ಬಂದ ಮಿಷನರಿಯೊಬ್ಬರು ಊರಿನ ಸುದ್ದಿಗೂ ಸರಕಾರದ ನಿರೂಪಕ್ಕೂ ಜಾಗ ಕೊಟ್ಟರು. ಓದುವವನ ಬದುಕಿಗೆ ಬೇಕಾದುದನ್ನು ಕೊಡದೆ ಅವನ ಕಿವಿಯನ್ನು ಪಡೆಯಲಾಗದು ಎಂಬುದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಕಲ್ಲಚ್ಚಿನ ನಿಧಾನಗತಿಯಲ್ಲಿ ಬೇಡಿಕೆಯನ್ನು ಪೂರೈಸುವುದು ಕಷ್ಟವಾಯಿತು. 1844ರಲ್ಲಿ, ಅಂದರೆ ಒಂದು ವರ್ಷ ತುಂಬುವ ಮೊದಲೇ, ಪತ್ರಿಕೆ ಬಳ್ಳಾರಿಗೆ ಹೋಯಿತು. ಅಲ್ಲಿ ಮೊಳೆ ಅಚ್ಚಿನ ಮುದ್ರಣಾಲಯವಿತ್ತು. ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು. ಯಂತ್ರ ಉತ್ತಮವಾಯಿತು, ಹರವು ಹಿಗ್ಗಿತು. ಹಾಗಿದ್ದರೂ ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಮೋಗ್ಲಿಂಗರ ಹೆಗಲ ಮೇಲೆ ಬಾಲ್ಮಠದ ಸೆಮಿನರಿಯ ಹೊಣೆಯಿತ್ತು, ಮುಂದೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತರುವ ದೊಡ್ಡ ಕೆಲಸವೂ ಸೇರಿಕೊಂಡಿತು. ಬರೆಯುವವರು, ಸಂಗ್ರಹಿಸುವವರು, ಅಚ್ಚಿನ ಮೇಲ್ವಿಚಾರಕರು ಎಲ್ಲವೂ ಬಹುಮಟ್ಟಿಗೆ ಒಬ್ಬರೇ ಆಗಿದ್ದ ಪತ್ರಿಕೆ ಅದು. ಒಬ್ಬ ಪ್ರತಿಭಾವಂತನ ಉತ್ಸಾಹದಿಂದ ಒಂದು ಕಾರ್ಯ ಹುಟ್ಟಬಹುದು, ಆದರೆ ಅವನೊಬ್ಬನನ್ನೇ ನಂಬಿ ಅದು ಬಹುಕಾಲ ನಿಲ್ಲಲಾರದು ಎಂಬುದನ್ನು ಕನ್ನಡದ ಮೊದಲ ಪತ್ರಿಕೆಯೇ ನಮಗೆ ಕಲಿಸುತ್ತದೆ. ಊರನ್ನು ಬಿಟ್ಟುಹೋದ ಪತ್ರಿಕೆಯಲ್ಲಿ ಊರ ವರ್ತಮಾನಕ್ಕೆ ಯಾವ ಸ್ಥಾನ ಉಳಿದೀತು ಎಂಬುದು ಅದರಿಂದ ಏಳುವ ಇನ್ನೊಂದು ಪ್ರಶ್ನೆ. ಈ ಎರಡನ್ನೂ ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಅಚ್ಚುಕೂಟದ ಕಾಲ

ಮುಂದಿನ ಹೆಜ್ಜೆಯನ್ನು ಅದೇ ಮಿಷನ್ ಇಟ್ಟಿತು. 1851ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲಿ ಮಂಗಳೂರಿಗೆ ಬಂದರು. ಮೊಳೆ ಅಚ್ಚಿನ ಮುದ್ರಣ ಅಲ್ಲಿಯೂ ಆರಂಭವಾಯಿತು. ಈ ನೇಮಕದಲ್ಲಿ ಒಂದು ಹೊಸತನವಿದೆ. ಪ್ಲೆಬ್ಸ್ಟ್ ಬಂದುದು ಮುದ್ರಣದ ಕೆಲಸಕ್ಕೆ. ಬೋಧಕರೇ ಬಿಡುವಿನಲ್ಲಿ ಅಚ್ಚು ಹಾಕುವ ಪದ್ಧತಿ ಹೋಗಿ, ಆ ಕಸುಬನ್ನು ಬಲ್ಲವರನ್ನು ಆ ಕಸುಬಿಗೇ ಇಡುವ ಪದ್ಧತಿ ಬಂತು. ಮೊಳೆ ಜೋಡಿಸುವವರು, ಕರಡು ತಿದ್ದುವವರು, ಯಂತ್ರ ನಡೆಸುವವರು, ರಟ್ಟು ಕಟ್ಟುವವರು ಎಂಬ ವಿಭಾಗಗಳಲ್ಲಿ ಊರಿನ ಯುವಕರಿಗೆ ಸಂಬಳದ ಕೆಲಸ ದೊರೆಯಿತು. 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಆ ಮುದ್ರಣಾಲಯದಿಂದ ಹೊರಬಂತು. ನಿಘಂಟಿನ ಹೆಸರಿನೊಡನೆ ನಾವು ಕಿಟ್ಟೆಲರನ್ನು ಸ್ಮರಿಸುತ್ತೇವೆ. ಅಷ್ಟು ಸಾವಿರ ಶಬ್ದಗಳ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ ಕೈಗಳನ್ನೂ ಸ್ಮರಿಸುವುದು ನ್ಯಾಯ.

ಕಥೋಲಿಕರೂ ಹಿಂದುಳಿಯಲಿಲ್ಲ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ 1882ರಲ್ಲಿ ಕೊಡಿಯಾಲಬೈಲ್ ಮುದ್ರಣಾಲಯವನ್ನೂ ಆರಂಭಿಸಿದರು. 1938ರಲ್ಲಿ ಮಂಗಳೂರು ಧರ್ಮಕ್ಷೇತ್ರದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಹುಟ್ಟಿತು. ಕನ್ನಡ ಲಿಪಿಯಲ್ಲಿ ಅಚ್ಚಾಗುವ ಕೊಂಕಣಿ ಅದು. ಕರಾವಳಿಯಿಂದ ಘಟ್ಟ ಹತ್ತಿ ಕಾಫಿ ತೋಟಗಳಿಗೆ ಬಂದ ಕುಟುಂಬಗಳಿಗೆ ಊರಿನ ನಂಟನ್ನು ಉಳಿಸಿಕೊಟ್ಟ ಪತ್ರಿಕೆಗಳಲ್ಲಿ ಅದಕ್ಕೆ ಹಿರಿಯ ಸ್ಥಾನವಿದೆ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ 1887ರಲ್ಲಿ ಆರಂಭಿಸಿದ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ವಾರಪತ್ರಿಕೆ ದಶಕಗಳ ಕಾಲ ನಡೆಯಿತು.

ದೀರ್ಘಕಾಲ ಬಾಳಿದ ಈ ಪತ್ರಿಕೆಗಳ ಬೆನ್ನಿಗೆ ಒಂದು ಸಂಸ್ಥೆಯಿತ್ತು. ಸಂಪಾದಕರು ವರ್ಗವಾದರೂ ಕುರ್ಚಿ ಉಳಿಯುತ್ತಿತ್ತು. ಅಚ್ಚಿನ ಕೆಲಸಕ್ಕೆ ದುಡಿಯುವವರಿದ್ದರು, ಅವರಿಗೆ ತಿಂಗಳ ಕೊನೆಗೆ ಸಂಬಳವಿತ್ತು. ಪತ್ರಿಕೆಯ ಆಯುಷ್ಯಕ್ಕೆ ಲೇಖನಗಳ ಗುಣದಷ್ಟೇ ಇವೂ ಕಾರಣ.

ಘಟ್ಟದ ಮೇಲಿನ ದಾರಿ

ಮಲೆನಾಡಿನಲ್ಲಿ ಅಚ್ಚುಕೂಟಗಳಿರಲಿಲ್ಲ. ಇಲ್ಲಿ ಸುದ್ದಿ ನಡೆದುಕೊಂಡು ಬರುತ್ತಿತ್ತು. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಎಂಬ ಪಾತ್ರ ಬರುತ್ತದೆ. 1967ರಲ್ಲಿ ಪ್ರಕಟವಾದ ಆ ಕೃತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುತ್ತದೆ. ಆ ಕಾಡಿನ ಹಾದಿಗಳಲ್ಲಿ ಹೊಸ ಧರ್ಮದ ಮಾತಿನೊಡನೆ ಸೈಕಲ್ಲೂ ಕಾಣಿಸಿಕೊಳ್ಳುತ್ತದೆ. ಕಾದಂಬರಿಕಾರರು ಪಾದ್ರಿಯನ್ನು ವಿಮರ್ಶೆಯ ಕಣ್ಣಿನಿಂದಲೇ ನೋಡಿದ್ದಾರೆ. ಅದನ್ನು ನಾವು ಬೇಸರಪಡದೆ ಓದಬೇಕು. ನಮ್ಮ ಮಾತು ನೆರೆಯವರ ಕಿವಿಗೆ ಹೇಗೆ ಕೇಳಿಸಿತು ಎಂಬುದಕ್ಕೆ ಅಂತಹ ಕೃತಿಗಳಿಗಿಂತ ಒಳ್ಳೆಯ ಕನ್ನಡಿ ಸಿಗಲಾರದು.

ನಮ್ಮ ನೆರೆಯವರಿಂದ ಕಲಿಯಬೇಕಾದ ಇನ್ನೊಂದು ಪಾಠ ಶೃಂಗೇರಿಯಲ್ಲಿಯೇ ಇದೆ. 1791ರಲ್ಲಿ ಮರಾಠಾ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದ ಬಳಿಕ ಟಿಪ್ಪು ಸುಲ್ತಾನನಿಗೂ ಮಠದ ಸ್ವಾಮಿಗಳಿಗೂ ನಡೆದ ಪತ್ರವ್ಯವಹಾರ ಇಂದು ಇತಿಹಾಸಕಾರರಿಗೆ ಚಿರಪರಿಚಿತ. ಕನ್ನಡದಲ್ಲಿದ್ದ ಆ ಮೂವತ್ತರಷ್ಟು ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಶತಮಾನಕ್ಕೂ ಮೀರಿ ಆ ಕಾಗದಗಳು ಉಳಿದುದು ಮಠದಲ್ಲಿ ಕಡತಗಳನ್ನು ಜೋಪಾನ ಮಾಡುವ ಪದ್ಧತಿಯಿದ್ದುದರಿಂದ. ಸುದ್ದಿಯನ್ನು ಹೊರಗೆ ಕಳುಹಿಸುವುದಷ್ಟೇ ವಾರ್ತಾಸೇವೆಯಲ್ಲ. ಬಂದ ಪತ್ರ, ಕಳುಹಿಸಿದ ಪತ್ರ, ಹಬ್ಬದ ಛಾಯಾಚಿತ್ರ, ಸಭೆಯ ನಡಾವಳಿ, ಇವುಗಳನ್ನು ಮುಂದಿನ ತಲೆಮಾರಿಗೆ ಉಳಿಸುವುದೂ ಅದೇ ಸೇವೆಯ ಭಾಗ. ನಿಮ್ಮ ಧರ್ಮಕೇಂದ್ರದ ಐವತ್ತು ವರ್ಷಗಳ ಹಿಂದಿನ ಒಂದು ಸುತ್ತೋಲೆ ಬೇಕೆಂದು ಯಾರಾದರೂ ಕೇಳಿದರೆ ಅದು ಸಿಗುವುದೇ? ಒಮ್ಮೆ ವಿಚಾರಿಸಿ ನೋಡಿ.

ಈ ಭಾಗದಲ್ಲಿ ನಾವು ಒಬ್ಬರೇ ವಾಸಿಸುತ್ತಿಲ್ಲ. ಶೃಂಗೇರಿಯ ಶಾರದಾ ಪೀಠ, ಕೊಪ್ಪದ ಬಳಿಯ ಹರಿಹರಪುರದ ಮಠ, ನರಸಿಂಹರಾಜಪುರದ ಸಿಂಹನಗದ್ದೆಯ ಜೈನ ಬಸದಿ, ಊರೂರಿನ ಮಸೀದಿಗಳು ಎಲ್ಲವೂ ನಮ್ಮ ನೆರೆ. ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಪರಂಪರೆಯ ಕ್ರೈಸ್ತರು ನರಸಿಂಹರಾಜಪುರದ ಸುತ್ತ ಬೇರೂರಿದ್ದಾರೆ. ಇಲ್ಲಿ ನಾವು ಬರೆಯುವ ಒಂದು ಪ್ರಕಟಣೆಯನ್ನು ನಮ್ಮವರಷ್ಟೇ ಓದುತ್ತಾರೆಂದು ಭಾವಿಸುವಂತಿಲ್ಲ.

ಮಹಾಸಭೆಯ ಕರೆ

ಈ ಪ್ರದೇಶ ಮೊದಲು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿತ್ತು. 1963ರ ನವೆಂಬರ್ 16ರಂದು ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಅದಾಗಿ ಹದಿನೆಂಟು ದಿನಗಳಿಗೆ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಸಾಮಾಜಿಕ ಸಂಪರ್ಕ ಸಾಧನಗಳ ಕುರಿತ ‘ಇಂತೆರ್ ಮಿರಿಫಿಕಾ’ ಎಂಬ ಶಾಸನವನ್ನು ಘೋಷಿಸಿತು. ಪತ್ರಿಕೆ, ಚಲನಚಿತ್ರ, ಬಾನುಲಿ, ದೂರದರ್ಶನಗಳನ್ನು ಧರ್ಮಸಭೆ ತನ್ನ ಸೇವೆಯ ಕ್ಷೇತ್ರವೆಂದು ಒಪ್ಪಿಕೊಂಡ ಆ ಶಾಸನ, ಗುರುಗಳು, ಧಾರ್ಮಿಕ ಸಭೆಗಳವರು ಮತ್ತು ಶ್ರೀಸಾಮಾನ್ಯರಿಗೆ ತಡಮಾಡದೆ ತರಬೇತಿ ನೀಡಬೇಕೆಂದು ಹೇಳಿತು. ಹಣವಿಲ್ಲ, ಪರಿಣತಿಯಿಲ್ಲ ಎಂಬ ಕಾರಣದಿಂದ ರಕ್ಷಣೆಯ ವಾಕ್ಯ ಕಟ್ಟುಬೀಳುವುದು ಧರ್ಮಸಭೆಯ ಮಕ್ಕಳಿಗೆ ಶೋಭೆಯಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿದೆ. 1967ರ ಮೇ 7ರಂದು ಮೊದಲ ವಿಶ್ವ ಸಂಪರ್ಕ ದಿನವನ್ನು ಆಚರಿಸಲಾಯಿತು. 1971ರಲ್ಲಿ ಇನ್ನಷ್ಟು ವಿವರವಾದ ಮಾರ್ಗದರ್ಶನ ಬಂತು. 1992ರ ಫೆಬ್ರವರಿ 22ರ ‘ಎತಾತಿಸ್ ನೋವೆ’ ಪತ್ರ ಪ್ರತಿ ಧರ್ಮಕ್ಷೇತ್ರಕ್ಕೂ ಸಂಪರ್ಕ ಮಾಧ್ಯಮದ ಪಾಲನಾ ಯೋಜನೆಯೊಂದು ಇರಬೇಕೆಂದು ಒತ್ತಾಯಿಸಿತು.

ಕರ್ನಾಟಕದಲ್ಲಿ ಈ ಕರೆಗೆ ಓಗೊಟ್ಟವರಿದ್ದಾರೆ. ರಾಜ್ಯದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1989ರಲ್ಲಿ ಮಂಗಳೂರಿನಲ್ಲಿ ಸಂದೇಶ ಪ್ರತಿಷ್ಠಾನವನ್ನು ಆರಂಭಿಸಿತು. ಮಾಧ್ಯಮ, ಸಂಗೀತ, ಚಿತ್ರಕಲೆ, ಸಾಹಿತ್ಯಗಳನ್ನು ಒಂದೇ ಸೂರಿನಡಿ ತಂದ ಸಂಸ್ಥೆಯದು. ಅದು ನೀಡುವ ಪ್ರಶಸ್ತಿಗಳು ಧರ್ಮಭೇದವಿಲ್ಲದೆ ನಾಡಿನ ಸಾಧಕರನ್ನು ತಲಪಿವೆ. ಸಂತ ಅಲೋಶಿಯಸ್ ಕಾಲೇಜು 2009ರಲ್ಲಿ ‘ರೇಡಿಯೊ ಸಾರಂಗ್’ ಎಂಬ ಸಮುದಾಯ ಬಾನುಲಿಯನ್ನು ಆರಂಭಿಸಿ ಜನಸಾಮಾನ್ಯರಿಗೆ ಧ್ವನಿವಾಹಿನಿಯನ್ನು ಕೊಟ್ಟಿತು.

ಆದರೂ ಸಿಬ್ಬಂದಿಯ ವಿಷಯಕ್ಕೆ ಬಂದರೆ, ಭಾರತದ ಅನೇಕ ಧರ್ಮಕ್ಷೇತ್ರಗಳಲ್ಲಿ ಒಂದೇ ಮಾದರಿ ಬೆಳೆದುಬಂದಿದೆ. ಆಯೋಗವೊಂದಿರುತ್ತದೆ, ಅದಕ್ಕೆ ಕಾರ್ಯದರ್ಶಿಯಾಗಿ ಒಬ್ಬ ಗುರುಗಳಿರುತ್ತಾರೆ. ಅವರಿಗೆ ಒಂದು ಧರ್ಮಕೇಂದ್ರದ ಅಥವಾ ಶಾಲೆಯ ಜವಾಬ್ದಾರಿಯೂ ಇರುತ್ತದೆ. ಕೆಲಸ ಕಲಿತು ಕೈ ಕುದುರುವ ಹೊತ್ತಿಗೆ ವರ್ಗಾವಣೆ ಬರುತ್ತದೆ. ಹೊಸಬರು ಮೊದಲಿನಿಂದ ಆರಂಭಿಸುತ್ತಾರೆ. ಇದು ಯಾರ ತಪ್ಪೂ ಅಲ್ಲ. ಗುರುಗಳ ವರ್ಗಾವಣೆಗೆ ಪಾಲನಾ ಕಾರಣಗಳಿರುತ್ತವೆ. ಆದರೆ ಮೋಗ್ಲಿಂಗರ ಕಾಲದ ಕಷ್ಟ, ಒಬ್ಬರ ಬಿಡುವನ್ನು ನಂಬಿದ ಕಾರ್ಯದ ಕಷ್ಟ, ಬೇರೆ ರೂಪದಲ್ಲಿ ಮರಳಿ ಬಂದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ರೋಮಿನ ಮರುಜೋಡಣೆ

ಈ ಕಷ್ಟ ನಮ್ಮದಷ್ಟೇ ಅಲ್ಲ. ಧರ್ಮಸಭೆಯ ಕೇಂದ್ರದಲ್ಲಿಯೂ ಇದಕ್ಕೆ ಪರಿಹಾರ ಹುಡುಕಬೇಕಾಯಿತು. ವ್ಯಾಟಿಕನ್ನಿನ ‘ಲೊಸ್ಸೆರ್ವತೊರೆ ರೊಮಾನೊ’ ಪತ್ರಿಕೆ 1861ರಲ್ಲಿ ಹುಟ್ಟಿತು. ಅದರ ಹುಟ್ಟುದಿನವೂ ನಮ್ಮ ‘ಮಂಗಳೂರ ಸಮಾಚಾರ’ದಂತೆ ಜುಲೈ 1. ವ್ಯಾಟಿಕನ್ ಬಾನುಲಿ ಮಾರ್ಕೋನಿಯವರ ನೆರವಿನಿಂದ 1931ರ ಫೆಬ್ರವರಿ 12ರಂದು ಆರಂಭವಾಯಿತು. ದೂರದರ್ಶನ ಕೇಂದ್ರ, ಪತ್ರಿಕಾ ಕಚೇರಿ, ಮುದ್ರಣಾಲಯ, ಪುಸ್ತಕ ಪ್ರಕಾಶನ, ಛಾಯಾಚಿತ್ರ ವಿಭಾಗ, ಅಂತರಜಾಲ ಸೇವೆ ಒಂದೊಂದು ಕಾಲಕ್ಕೆ ಒಂದೊಂದು ಸೇರಿಕೊಂಡವು. ಒಂದರ ಕೆಲಸ ಇನ್ನೊಂದಕ್ಕೆ ತಿಳಿಯದಂತಾಯಿತು, ಒಂದೇ ಸುದ್ದಿಗೆ ಹಲವು ಕಡೆ ದುಡಿಮೆ ನಡೆಯಿತು.

2015ರ ಜೂನ್ 27ರಂದು ಅಂದಿನ ಪೋಪ್ ಫ್ರಾನ್ಸಿಸರು ಸಂಪರ್ಕ ಮಾಧ್ಯಮಗಳಿಗಾಗಿ ಹೊಸ ಕಾರ್ಯಾಲಯವನ್ನು ಸ್ಥಾಪಿಸಿ, ಒಂಬತ್ತು ಪ್ರತ್ಯೇಕ ವಿಭಾಗಗಳನ್ನು ಹಂತ ಹಂತವಾಗಿ ಅದರಡಿ ತಂದರು. ಬಾನುಲಿಯವರು ಬಾನುಲಿಗೆ, ಪತ್ರಿಕೆಯವರು ಪತ್ರಿಕೆಗೆ ಎಂಬ ಗೋಡೆಗಳನ್ನು ತೆಗೆದು, ಭಾಷೆಗಳ ಆಧಾರದ ಮೇಲೆ ಒಟ್ಟಾಗಿ ದುಡಿಯುವ ತಂಡಗಳನ್ನು ರೂಪಿಸುವ ಪ್ರಯತ್ನ ನಡೆಯಿತು. ದಶಕಗಳಿಂದ ಒಂದೇ ರೀತಿಯ ಕೆಲಸ ಮಾಡಿಕೊಂಡು ಬಂದವರಿಗೆ ಇದು ಸುಲಭವಾಗಿರಲಿಲ್ಲ.

ಈ ಮರುಜೋಡಣೆಯ ಮುಂದಾಳತ್ವ ವಹಿಸಿದ್ದ ಮೊನ್ಸಿಞೊರ್ ದಾರಿಯೊ ವಿಗನೊ ಅವರು 2018ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ನಿವೃತ್ತ ಪೋಪ್ ಹದಿನಾರನೆಯ ಬೆನೆಡಿಕ್ಟರು ಬರೆದ ಒಂದು ಪತ್ರದ ಛಾಯಾಚಿತ್ರವನ್ನು ಪ್ರಕಟಿಸುವಾಗ ಕೆಲವು ಸಾಲುಗಳು ಕಾಣದಂತೆ ಮಸುಕುಗೊಳಿಸಿದ್ದೇ ವಿವಾದಕ್ಕೆ ಕಾರಣವಾಯಿತು. ಅತ್ಯುತ್ತಮ ಕಚೇರಿಯೂ ಸತ್ಯದ ವಿಷಯದಲ್ಲಿ ಒಂದು ಹೆಜ್ಜೆ ತಪ್ಪಿದರೆ ಜನರ ನಂಬಿಕೆಗೆ ಪೆಟ್ಟು ಬೀಳುತ್ತದೆ. ಅದೇ ವರ್ಷದ ಜುಲೈ 5ರಂದು ಆ ಸ್ಥಾನಕ್ಕೆ ಪತ್ರಕರ್ತ ಪಾವೊಲೊ ರುಫಿನಿ ನೇಮಕಗೊಂಡರು. ವ್ಯಾಟಿಕನ್ನಿನ ಇಂತಹ ಮಹಾಕಾರ್ಯಾಲಯದ ಮುಖ್ಯಸ್ಥರಾದ ಮೊದಲ ಶ್ರೀಸಾಮಾನ್ಯರು ಅವರು. ಅನಂತರ, 2024ರಲ್ಲಿ, ಬೆಂಗಳೂರು ಮಹಾಧರ್ಮಕ್ಷೇತ್ರದ ಸಹಕಾರದಿಂದ ವ್ಯಾಟಿಕನ್ ನ್ಯೂಸ್ ಕನ್ನಡದಲ್ಲಿಯೂ ಆರಂಭವಾಯಿತು. ರೋಮಿನ ಸುದ್ದಿ ಕನ್ನಡದಲ್ಲಿ ಕೊಪ್ಪಕ್ಕೆ ಬರುವ ದಾರಿ ತೆರೆಯಿತು. ಕೊಪ್ಪದ ಸುದ್ದಿಯನ್ನು ಕೊಪ್ಪದವರಿಗೇ ಕ್ರಮವಾಗಿ ತಿಳಿಸುವ ಏರ್ಪಾಡಿನ ಬಗ್ಗೆ ನಾವೇ ಯೋಚಿಸಬೇಕು.

ಕಷ್ಟಕಾಲದ ಪ್ರಶ್ನೆ

ಇಷ್ಟೆಲ್ಲ ಏಕೆ, ಇರುವ ವ್ಯವಸ್ಥೆಯಲ್ಲಿಯೇ ನಡೆಯುತ್ತಿದೆಯಲ್ಲ ಎಂದು ತಾವು ಕೇಳಬಹುದು. ಹಬ್ಬದ ದಿನಗಳಲ್ಲಿ ನಡೆಯುತ್ತದೆ. ಕಷ್ಟದ ದಿನಗಳಲ್ಲಿ ವ್ಯವಸ್ಥೆಯ ಬಲಹೀನತೆ ಹೊರಬೀಳುತ್ತದೆ.

2008ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ಹಬ್ಬದ ಭಾನುವಾರ. ಅಂದು ಮತ್ತು ನಂತರದ ದಿನಗಳಲ್ಲಿ ದಕ್ಷಿಣ ಕನ್ನಡ, ಉ‌ಡುಪಿ, ಚಿಕ್ಕಮಗಳೂರು ಜಿಲ್ಲೆಗಳೂ ಸೇರಿದಂತೆ ರಾಜ್ಯದ ಹಲವೆಡೆ ಚರ್ಚುಗಳ, ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಸರಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ತನ್ನ ಅಂತಿಮ ವರದಿ ನೀಡಿದ್ದು 2011ರ ಜನವರಿಯಲ್ಲಿ. ಆ ದಿನಗಳ ನೋವನ್ನು ಕೆದಕುವುದು ಇಲ್ಲಿನ ಉದ್ದೇಶವಲ್ಲ. ಆದರೆ ಅಂದು ಎದ್ದ ಪ್ರಶ್ನೆಯೊಂದು ಇಂದಿಗೂ ಉಳಿದಿದೆ. ಕ್ರೈಸ್ತರಲ್ಲಿ ಯಾವ ಸಭೆ ಯಾವುದು, ಯಾರ ಬೋಧನೆ ಏನು, ಯಾವ ಪುಸ್ತಿಕೆ ಯಾರದು ಎಂಬ ವ್ಯತ್ಯಾಸ ನೆರೆಯವರಲ್ಲಿ ಬಹಳ ಮಂದಿಗೆ ತಿಳಿದಿರಲಿಲ್ಲ. ಅದನ್ನು ಶಾಂತಿಯ ದಿನಗಳಲ್ಲಿ, ಸರಳ ಕನ್ನಡದಲ್ಲಿ, ಸಂಯಮದಿಂದ ತಿಳಿಸುವ ಕೆಲಸ ಯಾರದಾಗಿತ್ತು? ಗಲಭೆಯ ದಿನ ಪತ್ರಕರ್ತರು ಬಾಗಿಲಿಗೆ ಬಂದಾಗ ಉತ್ತರಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಆ ದಿನವೇ ಗೊತ್ತುಮಾಡಲಾಗದು. ಮಂಗಳೂರಿನಲ್ಲಿ ಶ್ರೀಸಾಮಾನ್ಯರೂ ಧರ್ಮಕ್ಷೇತ್ರದ ಸಾರ್ವಜನಿಕ ಸಂಪರ್ಕಾಧಿಕಾರಿಗಳಾಗಿ ಸೇವೆ ಸಲ್ಲಿಸಿದ್ದಾರೆ ಎಂಬುದು ಈ ದೃಷ್ಟಿಯಿಂದ ಗಮನಾರ್ಹ.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ದೇಶವೇ ಮನೆಯೊಳಗೆ ಉಳಿಯಿತು. ದೇವಾಲಯಗಳ ಬಾಗಿಲು ಮುಚ್ಚಿತು. ಅನೇಕ ಗುರುಗಳು ಜೀವನದಲ್ಲಿ ಮೊದಲ ಬಾರಿಗೆ ಮೊಬೈಲ್ ಫೋನಿನ ಮುಂದೆ ನಿಂತು ಬಲಿಪೂಜೆ ಅರ್ಪಿಸಿದರು. ಆ ಫೋನನ್ನು ಹಿಡಿದು ನಿಂತವರು ಬಹುಪಾಲು ನಮ್ಮ ಯುವಕ ಯುವತಿಯರು. ಆದರೆ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಬೇಕಾಗಿದ್ದ ದಿನಗಳವು. ತೋಟದ ಲೈನು ಮನೆಯ ವೃದ್ಧೆಗೆ ಆ ಪೂಜೆ ಕಾಣಿಸಿತೆ? ಫೋನು ಬಲ್ಲವರಿಗೆ ಸುದ್ದಿ ಮುಟ್ಟಿಸಿ, ಉಳಿದವರಿಗೂ ಮುಟ್ಟಿತೆಂದು ಭಾವಿಸುವ ಅಪಾಯ ಇಂದೂ ಇದೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಪ್ರಕಟಣೆ ಆ ಗುಂಪಿನಲ್ಲಿಲ್ಲದವನ ಪಾಲಿಗೆ ಪ್ರಕಟಣೆಯೇ ಅಲ್ಲ.

ಮೂರು ತಾಲೂಕುಗಳಿಗೆ ಒಂದು ವಿನಂತಿ

ಹಾಗಾದರೆ ನಾವು ಮಾಡಬೇಕಾದುದೇನು? ಸಣ್ಣ ಧರ್ಮಕೇಂದ್ರವೊಂದು ತಾನೊಬ್ಬಳೇ ಅಥವಾ ತಾನೊಬ್ಬನೇ ದುಡಿಯುವ ವಾರ್ತಾಸೇವಕರನ್ನು ಸಂಬಳ ಕೊಟ್ಟು ಇರಿಸಿಕೊಳ್ಳುವುದು ಕಷ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಧರ್ಮಕೇಂದ್ರಗಳು ಒಟ್ಟಾಗಿ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ. ಈ ಸಲಹೆಯನ್ನು ತಮ್ಮ ಪಾಲನಾ ಪರಿಷತ್ತುಗಳ ಮುಂದೆ ಇಡಬೇಕೆಂಬುದು ನನ್ನ ವಿನಂತಿ. ಇತಿಹಾಸ ಕಲಿಸಿದ ನಾಲ್ಕು ಅಂಶಗಳನ್ನು ಆಗ ಗಮನದಲ್ಲಿಡಬಹುದು.

ಮೊದಲನೆಯದಾಗಿ, ಕೆಲಸವನ್ನು ಕೆಲಸವೆಂದು ಒಪ್ಪಿ ಸಂಬಳ ಕೊಡಬೇಕು. ಸೇವಾಭಾವ ದೊಡ್ಡದು, ಆದರೆ ಸೇವಾಭಾವವಿದೆಯೆಂದು ಯುವತಿಯೊಬ್ಬಳಿಂದ ವರ್ಷಗಟ್ಟಲೆ ಪುಕ್ಕಟೆ ದುಡಿಮೆ ಪಡೆಯುವುದು ನ್ಯಾಯವಲ್ಲ. ದುಡಿಯುವವನು ಕೂಲಿಗೆ ಅರ್ಹನೆಂದು ಕಲಿಸಿದವರು ಪ್ರಭು ಯೇಸುವೇ. ಅಚ್ಚುಕೂಟಗಳು ಬಾಳಿದುದು ಮೊಳೆ ಜೋಡಿಸುವವನ ಮನೆಯ ಒಲೆ ಉರಿದುದರಿಂದ.

ಎರಡನೆಯದಾಗಿ, ಆಯ್ಕೆ ಬಹಿರಂಗವಾಗಿರಬೇಕು. ಆದಿ ಧರ್ಮಸಭೆಯಂತೆ ಸಮುದಾಯವೇ ಆರಿಸಲಿ, ಗುರುಗಳು ಅಧಿಕೃತವಾಗಿ ನೇಮಿಸಲಿ. ಮಹಿಳೆಯರನ್ನೂ ಯುವಜನರನ್ನೂ ಸಮಾನವಾಗಿ ಪರಿಗಣಿಸಲಿ. ಕನ್ನಡವನ್ನು ಶುದ್ಧವಾಗಿ ಬರೆಯಬಲ್ಲ, ಕೊಂಕಣಿ ಅಥವಾ ಮಲಯಾಳ ಬಲ್ಲ ಪದವೀಧರರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಕೆಲಸ ಹುಡುಕಿ ಬೆಂಗಳೂರಿಗೆ ಹೊರಡುವ ಮೊದಲು ಅವರಲ್ಲಿ ಒಬ್ಬರನ್ನಾದರೂ ನಾವು ಕೇಳಿದ್ದೇವೆಯೇ?

ಮೂರನೆಯದಾಗಿ, ಒಟ್ಟುಗೂಡಿಸುವಾಗ ಊರನ್ನು ಕಳೆದುಕೊಳ್ಳಬಾರದು. ಮಂಗಳೂರಿನ ಪತ್ರಿಕೆ ಬಳ್ಳಾರಿಗೆ ಹೋದಾಗ ಎದ್ದ ಪ್ರಶ್ನೆ ನೆನಪಿರಲಿ. ಎಲ್ಲವೂ ಚಿಕ್ಕಮಗಳೂರಿನಿಂದ ಅಥವಾ ಬೆಂಗಳೂರಿನಿಂದ ಸಿದ್ಧವಾಗಿ ಬಂದರೆ ನೋಡಲು ಅಂದವಾಗಿರಬಹುದು, ಆದರೆ ಅದರಲ್ಲಿ ತುಂಗಾತೀರದ ಮನೆಯೊಂದರ ಸಾವು ನೋವು ಇರಲಾರದು. ಆದ್ದರಿಂದ ಪ್ರತಿ ಧರ್ಮಕೇಂದ್ರದಲ್ಲಿ, ಸಾಧ್ಯವಾದರೆ ಪ್ರತಿ ಕಿರು ಕ್ರೈಸ್ತ ಸಮುದಾಯದಲ್ಲಿ, ಸುದ್ದಿ ಕೊಡುವವರೂ ಫೋನಿಲ್ಲದ ಮನೆಗೆ ಸುದ್ದಿ ಒಯ್ಯುವವರೂ ಇರಬೇಕು. ನೇಮಕಗೊಂಡವರು ಅವರ ನಡುವಿನ ಕೊಂಡಿಯಾಗಬೇಕು.

ನಾಲ್ಕನೆಯದಾಗಿ, ಮೊದಲ ದಿನವೇ ಉತ್ತರಾಧಿಕಾರಿಯ ಬಗ್ಗೆ ಯೋಚಿಸಬೇಕು. ನೇಮಕಗೊಂಡವರು ವರ್ಷಕ್ಕೆ ಇಬ್ಬರಿಗಾದರೂ ಕೆಲಸ ಕಲಿಸಲಿ. ಕಡತಗಳು, ಛಾಯಾಚಿತ್ರಗಳು, ಖಾತೆಗಳ ಗುಪ್ತಪದಗಳು ಒಬ್ಬರ ಮನೆಯಲ್ಲಿ ಉಳಿಯದೆ ಧರ್ಮಕೇಂದ್ರದ ಕಚೇರಿಯಲ್ಲಿ ದಾಖಲಾಗಲಿ. ಒಬ್ಬರು ಹೊರಟುಹೋದರೆ ಕೆಲಸ ನಿಲ್ಲಬಾರದು.

ಇದಕ್ಕೆ ಖರ್ಚಿದೆ. ಹಬ್ಬದ ದೀಪಾಲಂಕಾರಕ್ಕೂ ಧ್ವನಿವರ್ಧಕಕ್ಕೂ ಸಿಡಿಮದ್ದಿಗೂ ನಾವು ಸಂತೋಷದಿಂದ ಕೊಡುತ್ತೇವೆ. ಅವು ಒಂದು ರಾತ್ರಿಯ ಬೆಳಕು. ವರ್ಷವಿಡೀ ಸತ್ಯವನ್ನು ಮನೆಮನೆಗೆ ಮುಟ್ಟಿಸುವ ಒಬ್ಬರ ದುಡಿಮೆಗೆ ಕುಟುಂಬಕ್ಕಿಷ್ಟು ಎಂದು ಕೊಡಲು ನಮಗೆ ಮನಸ್ಸು ಬರಬೇಕು.

ಪ್ರಿಯ ಓದುಗರೇ, ರೋಮನರಿಗೆ ಬರೆದ ಪತ್ರವನ್ನು ಮುಂದಿನ ಬಾರಿ ದೇವಾಲಯದಲ್ಲಿ ಓದಿದಾಗ, ಪೌಲರೊಡನೆ ತೆರ್ತಿಯನನ್ನೂ ಫೊಯಿಬೆಯನ್ನೂ ಸ್ಮರಿಸಿರಿ. ಅವನು ಬರೆದುಕೊಳ್ಳದಿದ್ದರೆ, ಅವಳು ಹೊರಡದಿದ್ದರೆ ಆ ಮಾತು ನಮ್ಮವರೆಗೆ ಬರುತ್ತಿರಲಿಲ್ಲ. ನಮ್ಮ ಮಲೆನಾಡಿನಲ್ಲಿಯೂ ಅಂತಹವರು ಇದ್ದಾರೆ. ಅವರನ್ನು ಹೆಸರು ಹಿಡಿದು ಕರೆದು, ಹೊಣೆ ಒಪ್ಪಿಸಿ, ಅವರ ದುಡಿಮೆಗೆ ತಕ್ಕುದನ್ನು ಕೊಡುವ ಉದಾರತೆಯನ್ನು ಪವಿತ್ರಾತ್ಮರು ನಮಗೆ ದಯಪಾಲಿಸಲಿ.